ಉಜ್ಜೀವನ ಕೂಟ ಮುಗಿದ ಮೇಲೆ

ಈ ವರ್ಷದ ಉಜ್ಜೀವನ ಕೂಟವೂ ಮುಗೀತು. ಮೂರು ರಾತ್ರಿ. ಶಾಮಿಯಾನ, ಎಲ್‌ಇಡಿ ಪರದೆ, ಡ್ರಮ್ ಸೆಟ್ಟು, ಹೊರಗಿನಿಂದ ಬಂದ ಪ್ರಸಂಗಿ, ಅವರ ಪಕ್ಕದಲ್ಲಿ ಅವರಿಗಿಂತ ಜೋರಾಗಿ ಕೂಗುವ ತರ್ಜುಮೆದಾರ. ಕೊನೆಯ ರಾತ್ರಿ, ಜೀವನ ಬದಲಾಯಿಸಿಕೊಳ್ಳೋಕೆ ಯಾರ್ಯಾರು ತಯಾರು, ಕೈ ಎತ್ತಿ ಅಂದರು. ಎತ್ತಿದೆವು. ಹೋದ ವರ್ಷ ಎತ್ತಿದ ಅವೇ ಕೈಗಳು. ನನ್ನದೂ ಅದರಲ್ಲಿತ್ತು.

ಸೋಮವಾರ ಬೆಳಿಗ್ಗೆ ಲೆಕ್ಕದ ಚೀಟಿ ಕೊಡೋಕೆ ಚರ್ಚಿಗೆ ಹೋದೆ. ಗಂಟೆ ಹೊಡೆಯುವ ಕಾಕಾ ಒಬ್ಬರೇ ಕುರ್ಚಿ ಜೋಡಿಸ್ತಿದ್ದರು. ಇಪ್ಪತ್ತು ವರ್ಷಕ್ಕಿಂತ ಹೆಚ್ಚಾಯಿತು ಅವರು ನಮ್ಮಲ್ಲಿದ್ದು. ಕಸ ಗುಡಿಸೋದು, ಸ್ಮಶಾನದಲ್ಲಿ ಗುಂಡಿ ತೋಡಿಸೋದು, ಕರ್ತನ ಭೋಜನದ ಪಾತ್ರೆ ತೊಳೆಯೋದು ಎಲ್ಲ ಅವರದೇ. ನನ್ನ ನೋಡಿ ಮೆಲ್ಲಗೆ, "ಸರ, ಮೂರು ತಿಂಗಳ ಪಗಾರ ಬಾಕಿ ಐತ್ರಿ. ಕೂಟ ಮುಗೀಲಿ ಅಂದಿದ್ರಿ. ಮುಗೀತಲ್ರಿ" ಅಂದರು.

ಕೂಟ ಮುಗಿಯಲಿ ಅಂದವನು ನಾನೇ. ಕಮಿಟಿಯಲ್ಲಿ ಖಜಾಂಚಿ ಕೆಲಸ ನನ್ನದು. ಲೈಟು, ಸೌಂಡಿನವರಿಗೆ ಮುಂಗಡ ಚೆಕ್ಕಿಗೆ ಸಹಿ ಹಾಕಿದ ಕೈಯೂ ಇದೇ. ಸೌಂಡಿನವರು ಮುಂಗಡ ಇಲ್ಲದೆ ಬರೋದಿಲ್ಲ ನೋಡಿ, ಕಾಕಾ ಬರ್ತಾರೆ. ವ್ಯತ್ಯಾಸ ಅಷ್ಟೇ. ಪ್ರಸಂಗಿಗಳ ಕವರು ಭಾನುವಾರ ರಾತ್ರಿಯೇ ತಲುಪಿತ್ತು ಅಂತ ಬೇರೆ ಹೇಳಬೇಕಾಗಿಲ್ಲ.

ಹಾಗಾಗಿ ಇದನ್ನ ಹೊರಗೆ ನಿಂತು ಬೊಟ್ಟು ಮಾಡುವವನ ಮಾತು ಅಂದುಕೊಳ್ಳಬೇಡಿ. ಕೂಟಕ್ಕೆ ಬರುವ ಜನರನ್ನ ಗೇಲಿ ಮಾಡೋದೂ ನನ್ನ ಉದ್ದೇಶ ಅಲ್ಲ. ನಾಲ್ಕು ಮನೆ ಪಾತ್ರೆ ತಿಕ್ಕಿ ಬಂದ ಹೆಂಗಸು ಆ ಶಾಮಿಯಾನದ ಕೆಳಗೆ ಕೂತು ಅತ್ತು ಹಗುರಾಗಿ ಮನೆಗೆ ಹೋಗ್ತಾಳೆ. ಆ ಅಳು ಸುಳ್ಳಲ್ಲ. ನನ್ನ ತಕರಾರು ವೇದಿಕೆ ಮೇಲಿರುವ ನಮ್ಮ ಜೊತೆ. ಉಜ್ಜೀವನ ಅನ್ನೋ ಪದವನ್ನ ಒಂದು ಕಾರ್ಯಕ್ರಮದ ಹೆಸರು ಮಾಡಿಬಿಟ್ಟೆವಲ್ಲ, ಅದರ ಬಗ್ಗೆ.

ಈ ಸಲದ ಪ್ರಸಂಗಿ ಎತ್ತಿಕೊಂಡಿದ್ದು ನೆಹೆಮೀಯನ ಪುಸ್ತಕದ ಎಂಟನೇ ಅಧ್ಯಾಯ. ಉಜ್ಜೀವನ ಕೂಟಕ್ಕೆ ಹೇಳಿ ಮಾಡಿಸಿದ ಅಧ್ಯಾಯ ಅದು. ಯೆರೂಸಲೇಮಿನ ಗೋಡೆ ಎದ್ದಿದೆ. ನೀರುಬಾಗಿಲ ಎದುರಿನ ಬಯಲಲ್ಲಿ ಜನ ಒಟ್ಟಾಗಿದ್ದಾರೆ. ಎಜ್ರ ಮರದ ವೇದಿಕೆ ಹತ್ತಿ ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರ ಓದುತ್ತಾನೆ, ಜನ ಕೇಳಿ ಅಳ್ತಾರೆ. ವೇದಿಕೆ ಇದೆ, ಜನಸಂದಣಿ ಇದೆ, ಕಣ್ಣೀರಿದೆ. ಇನ್ನೇನು ಬೇಕು?

ಆದರೆ ಎಂಟಕ್ಕೆ ಮೊದಲು ಐದನೇದು ಬರುತ್ತದೆ. ಐದನೇ ಅಧ್ಯಾಯದ ಮೇಲೆ ಉಜ್ಜೀವನ ಕೂಟದಲ್ಲಿ ಪ್ರಸಂಗ ಮಾಡಿದವರನ್ನ ನಾನು ಈ ವಯಸ್ಸಿನ ತನಕ ಕಂಡಿಲ್ಲ. ಅಲ್ಲಿ ಏನಾಗುತ್ತದೆ? ಗೋಡೆ ಕಟ್ಟುವ ಕೆಲಸದ ನಡುವೆಯೇ ಬಡವರು, ಅವರ ಹೆಂಡಂದಿರು ಬೊಬ್ಬೆ ಹಾಕ್ತಾರೆ. ಕಾಳಿಗೋಸ್ಕರ ಹೊಲ, ಮನೆ, ದ್ರಾಕ್ಷಿತೋಟ ಒತ್ತೆ ಇಟ್ಟಿದೀವಿ, ಅರಸನ ಕಂದಾಯಕ್ಕೆ ಸಾಲ ಮಾಡಿದೀವಿ, ಮಕ್ಕಳು ಜೀತಕ್ಕೆ ಹೋಗ್ತಿದ್ದಾರೆ ಅಂತ. ಸಾಲ ಕೊಟ್ಟವರು ಪರದೇಶದವರಲ್ಲ, ಅದೇ ದೇವರ ಹೆಸರು ಹೇಳುವ ಸ್ವಂತ ಅಣ್ಣತಮ್ಮಂದಿರು. ನೆಹೆಮೀಯ ಆಗ ಉಪವಾಸ ಪ್ರಾರ್ಥನೆ ಕರೆಯೋದಿಲ್ಲ. ಸಭೆ ಕರೀತಾನೆ. ದೊಡ್ಡವರನ್ನ ಎದುರಿಗೆ ನಿಲ್ಲಿಸಿಕೊಂಡು, ಹೊಲ ವಾಪಸ್ ಕೊಡಿ, ಮನೆ ವಾಪಸ್ ಕೊಡಿ, ನೂರಕ್ಕೊಂದರಂತೆ ತಗೊಂಡ ಬಡ್ಡಿಯನ್ನೂ ವಾಪಸ್ ಕೊಡಿ ಅಂತಾನೆ. ನಾನೂ ನನ್ನವರೂ ಸಾಲ ಕೊಟ್ಟಿದ್ದೇವೆ ಅಂತ ಒಪ್ಪಿಕೊಂಡೇ ಹೇಳ್ತಾನೆ. ಅವರ ಮಾತಿನ ಮೇಲೆ ಬಿಡದೆ ಯಾಜಕರನ್ನ ಕರೆಸಿ ಪ್ರಮಾಣ ಮಾಡಿಸ್ತಾನೆ. ತಾನು ಮಾತ್ರ ಹನ್ನೆರಡು ವರ್ಷ ಅಧಿಪತಿಗೆ ಬರಬೇಕಾದ ಊಟದ ಭತ್ಯೆ ಮುಟ್ಟಲಿಲ್ಲ.

ಇದಾದ ಮೇಲೆ ಎಜ್ರ ವೇದಿಕೆ ಹತ್ತಿದ್ದು. ಲೆಕ್ಕ ಚುಕ್ತಾ ಆದ ಮೇಲೆ ಕಣ್ಣೀರು. ನಾವು ಲೆಕ್ಕ ಬಿಟ್ಟು ಬರೀ ಕಣ್ಣೀರು ಇಟ್ಕೊಂಡಿದ್ದೀವಿ. ಸುಂಕದ ಜಕ್ಕಾಯನ ಕಥೆಯನ್ನ ಸಂಡೇ ಸ್ಕೂಲ್ ಮಕ್ಕಳೂ ಹೇಳ್ತಾರೆ, ಮರ ಹತ್ತಿದ ತನಕ. ಇಳಿದ ಮೇಲೆ ಮೋಸದಿಂದ ತಗೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದದ್ದು ಯಾರ ಬಾಯಲ್ಲೂ ಬರೋದಿಲ್ಲ.

ಬೈಬಲ್ಲಿನ ಕಾಲ ಬೇರೆ ಅಂತೀರಾ? ಇರ್ಲಿ. ನಮ್ಮ ನೆಲದ ಹೆಂಗಸಿನ ಮಾತೇ ಹೇಳ್ತೀನಿ. ತುಂಗೆ, ಭದ್ರೆ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಮಾತು ಕೇಳಿಸಿಕೊಂಡ ಅನಂತಶಾಸ್ತ್ರಿ ಡೋಂಗ್ರೆ ಅವರ ಮಗಳು. ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಮೂವರನ್ನೂ ಕಳಕೊಂಡವಳು. 1905ರಲ್ಲಿ ಪುಣೆ ಹತ್ತಿರ ಕೇಡಗಾಂವ್‌ನ ಆಕೆಯ ಮುಕ್ತಿ ಮಿಷನ್ನಿನಲ್ಲಿ ಆದ ಉಜ್ಜೀವನ ಪ್ರಪಂಚದ ಕ್ರೈಸ್ತ ಇತಿಹಾಸದಲ್ಲೇ ಹೆಸರಾದದ್ದು. ನಮ್ಮ ಪ್ರಸಂಗಿಗಳಿಗೂ ಗೊತ್ತು, ಆ ಹುಡುಗಿಯರು ರಾತ್ರಿಯಿಡೀ ಪ್ರಾರ್ಥನೆ ಮಾಡಿದ್ದನ್ನ ಕೈ ಬೀಸಿ ಬೀಸಿ ಹೇಳ್ತಾರೆ.

ಆ ಹುಡುಗಿಯರು ಯಾರು, ಅಲ್ಲಿಗೆ ಹೇಗೆ ಬಂದರು ಅಂತ ಮಾತ್ರ ಹೇಳೋದಿಲ್ಲ. ಬಾಲವಿಧವೆಯರು. 1896–97ರ ಬರದಲ್ಲಿ ಮಧ್ಯಪ್ರಾಂತಕ್ಕೆ ತಾನೇ ಹೋಗಿ ರಮಾಬಾಯಿ ಕರಕೊಂಡು ಬಂದ ಅನಾಥೆಯರು. ಅವರಿಗೆ ಮೊದಲು ಅನ್ನ ಸಿಕ್ಕಿತು, ಸೂರು ಸಿಕ್ಕಿತು, ಅಕ್ಷರ ಸಿಕ್ಕಿತು. ನೇಯೋದು, ಹೈನು, ಅಚ್ಚುಮೊಳೆ ಜೋಡಿಸೋದು ಕಲಿತರು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಮರಾಠಿಗೆ ತಂದ ಬೈಬಲ್ಲನ್ನ ಅಚ್ಚು ಮಾಡಿದ್ದು ಅಲ್ಲಿಯ ಹೆಂಗಸರೇ. ಉಜ್ಜೀವನಕ್ಕೆ ಮೊದಲು ಅಷ್ಟು ವರ್ಷದ ದುಡಿತ ಇತ್ತು. ನಮಗೆ ಮೂರು ರಾತ್ರಿಯಲ್ಲಿ ಬೇಕು, ಅದೂ ಹತ್ತು ಗಂಟೆಯೊಳಗೆ, ಆಮೇಲೆ ಮೈಕಿಗೆ ಪರ್ಮಿಶನ್ ಇಲ್ಲ.

ಇನ್ನು ಜಾತಿ. ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿ ಮಾನ್ಯತೆ ಕೊಡಿ ಅಂತ ಮೆರವಣಿಗೆ ಹೋಗ್ತೀವಿ. ನ್ಯಾಯವಾದ ಬೇಡಿಕೆಯೇ. 1950ರ ರಾಷ್ಟ್ರಪತಿ ಆದೇಶಕ್ಕೆ 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದರು, ನಮ್ಮವರು ಇನ್ನೂ ಹೊರಗೇ ಇದ್ದಾರೆ. ಆದರೆ ಮೆರವಣಿಗೆಯಿಂದ ಮನೆಗೆ ಬಂದು ಮಗಳಿಗೆ ವರ ನೋಡುವಾಗ, "ಅವರು ಮೊದಲು ಯಾವ ಪೈಕಿ?" ಅಂತ ಕೇಳುವವರೂ ನಾವೇ. ಕೆಥೊಲಿಕ್ ಬಿಷಪ್ಪರ ಮಂಡಳಿ 2016ರಲ್ಲಿ ತನ್ನ ದಲಿತ ನೀತಿಯಲ್ಲಿ, ಸಭೆಯೊಳಗೆ ಅಸ್ಪೃಶ್ಯತೆ ಇದೆ ಅಂತ ಬರೆದು ಒಪ್ಪಿಕೊಂಡಿತು. ಒಪ್ಪಿಕೊಂಡರೆ ಮುಗೀಲಿಲ್ಲ, ಗೊತ್ತು. ಪ್ರೊಟೆಸ್ಟಂಟರಾದ ನಾವು ಅಷ್ಟಾದರೂ ಬಾಯಿ ಬಿಟ್ಟು ಹೇಳ್ತೀವಾ? ಜಾತಿ ಬಿಟ್ಟೇ ಒಳಗೆ ಬನ್ನಿ ಅಂತ ಹಟ ಹಿಡಿದ ಬಾಸೆಲ್ ಮಿಷನ್ನಿನವರ ಹೆಸರಲ್ಲಿ ಜುಬಿಲಿ ಮಾಡುವ ನಾವು?

ಹೆಣ್ಣುಮಕ್ಕಳ ವಿಷಯ ಉದ್ದ ಬೆಳೆಸೋದಿಲ್ಲ. ದಕ್ಷಿಣ ಭಾರತ ಸಭೆ 2013ರಲ್ಲಿ ನಂದ್ಯಾಲದಲ್ಲಿ ಪುಷ್ಪಲಲಿತಾ ಅವರನ್ನ ಬಿಷಪ್ ಮಾಡಿತು. ನಮ್ಮ ಕಮಿಟಿಯಲ್ಲಿ ಹೆಂಗಸರಿಗೆ ಇವತ್ತಿಗೂ ಸಿಗೋದು ಚಹಾದ ಉಸ್ತುವಾರಿ.

1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಶನಲ್‌ನವರು ಕೂಡಿ ಒಂದೇ ಸಭೆ ಆದಾಗ ಲೋಕವೇ ಕಣ್ಣರಳಿಸಿ ನೋಡಿತ್ತು. ಬಿಷಪ್ಪರು ಬೇಕು ಅನ್ನುವವರು, ಬೇಡ ಅನ್ನುವವರು ಒಂದೇ ಪೀಠದ ಮುಂದೆ ಮೊಣಕಾಲೂರಿದ್ದರು. ಅದೇ ಸಭೆಯ ಸಿನೊಡ್ ಚುನಾವಣೆಯ ಜಗಳ ಮದ್ರಾಸ್ ಹೈಕೋರ್ಟು ಹತ್ತಿ, ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಕಾಣಿಕೆ ಚೀಲಕ್ಕೆ ಹಾಕಿದ ದುಡ್ಡು ವಕೀಲರ ಫೀಸಾಗಿ ಹೋಗ್ತಿದ್ದರೆ, ದಶಮಾಂಶ ಯಾಕೆ ಕಡಿಮೆ ಆಯ್ತು ಅಂತ ಪ್ರಸಂಗಪೀಠದಿಂದ ಬೈಯೋದರಲ್ಲಿ ಅರ್ಥ ಇಲ್ಲ. ಜನ ದೇವರಿಗೆ ಬೇಸತ್ತಿಲ್ಲ. ನಮಗೆ ಬೇಸತ್ತಿದ್ದಾರೆ.

ಇಷ್ಟು ಹೇಳಿದ ಕೂಡಲೇ ಬರುವ ಮಾತು ನನಗೆ ಗೊತ್ತು. "ಹೊರಗಿನವರು ನಮ್ಮ ಮೇಲೆ ಕಣ್ಣಿಟ್ಟ ಕಾಲ ಇದು. ಮತಾಂತರ ಕಾಯ್ದೆ ಅಂತಾರೆ, ಪ್ರಾರ್ಥನೆಗೆ ಬಂದು ತಡೀತಾರೆ. ಇಂಥ ಹೊತ್ತಲ್ಲಿ ಮನೆ ಮಾತು ಬೀದಿಗೆ ಯಾಕೆ?" 2022ರ ಆ ಕಾಯ್ದೆ ಬಂದಾಗ ಮನೆಪ್ರಾರ್ಥನೆಗೂ ಬಾಗಿಲು ಹಾಕಿಕೊಂಡು ಕೂತವರನ್ನ ನಾನೂ ನೋಡಿದೀನಿ. ಆ ಭಯ ನಿಜ. ಆದರೆ ಆ ಭಯ ತಿಂದವರು ಯಾರು? ಹಳ್ಳಿಯ ಬಡ ವಿಶ್ವಾಸಿಗಳು, ಸೈಕಲ್ಲಲ್ಲಿ ಓಡಾಡುವ ಸಣ್ಣ ಸೇವಕರು. ಡಯಾಸಿಸ್ ಗೆಸ್ಟ್‌ಹೌಸಿನಲ್ಲಿ ಕೂತವರಲ್ಲ. ಅವರ ಭಯವನ್ನ ಅಡ್ಡ ಹಿಡಿದು ನಮ್ಮ ಲೆಕ್ಕಪುಸ್ತಕ ಮುಚ್ಚಿಡೋದು ಯಾವ ನ್ಯಾಯ? ಹೊರಗಿನವರು ಬಾಗಿಲು ಬಡೀತಿದ್ದಾರೆ ಅಂತ ಒಳಗಿನ ಕಳ್ಳನಿಗೆ ಯಾರಾದರೂ ಹಾಸಿಗೆ ಹಾಸಿ ಕೊಡ್ತಾರಾ?

ಇನ್ನೊಂದು ಮಾತೂ ಬರುತ್ತೆ. ಮೊದಲು ಹೃದಯ ಬದಲಾಗಬೇಕು, ಆಮೇಲೆ ವ್ಯವಸ್ಥೆ ತಾನಾಗಿ ಬದಲಾಗುತ್ತೆ ಅಂತ. ಕೇಳೋಕೆ ಚಂದ. ವರ್ಷವರ್ಷವೂ ಮೂರು ರಾತ್ರಿ ಹೃದಯ ಬದಲಾಯಿಸಿಕೊಳ್ತಾ ಬಂದಿದೀವಲ್ಲ, ಕಾಕಾನ ಪಗಾರ ಯಾವಾಗ ತಾನಾಗಿ ಬಂತು?

ಆ ಸೋಮವಾರ ನಾನು ಚೆಕ್‌ಬುಕ್ ತರಿಸಿ ಮೂರು ತಿಂಗಳದ್ದೂ ಬರೆದುಕೊಟ್ಟೆ. ಜೊತೆಗೆ ಸಹಿ ಹಾಕಬೇಕಾದ ಕಾರ್ಯದರ್ಶಿಗಳು, "ಕಮಿಟಿಗೆ ತರದೆ ಹೆಂಗ್ರಿ?" ಅಂತ ಗೊಣಗಿದರು. ಸೌಂಡಿನ ಮುಂಗಡ ಯಾವ ಕಮಿಟಿಗೆ ಬಂದಿತ್ತು ಅಂತ ಕೇಳಿದ ಮೇಲೆ ಸಹಿ ಹಾಕಿದರು. ಕಾಕಾ ಚೆಕ್ಕನ್ನ ಎರಡು ಸಲ ಮಡಿಚಿ ಅಂಗಿ ಜೇಬಿಗೆ ಇಟ್ಟುಕೊಂಡು ಮತ್ತೆ ಕುರ್ಚಿ ಜೋಡಿಸೋಕೆ ಹೋದರು. ನನಗೆ ಅವರ ಮುಖ ನೋಡೋಕಾಗಲಿಲ್ಲ.

ಮುಂದಿನ ಕಮಿಟಿಗೆ ಮೂರು ಠರಾವು ಬರೆದಿಟ್ಟಿದೀನಿ. ಪ್ರತಿ ತಿಂಗಳ ಮೊದಲ ಭಾನುವಾರ ಆರಾಧನೆಯಲ್ಲೇ ಜಮಾಖರ್ಚು ಓದಬೇಕು, ಪ್ರಕಟಣೆಗಳ ಜೊತೆ, ಎಲ್ಲರ ಕಿವಿಗೆ ಬೀಳುವ ಹಾಗೆ. ಕಾಕಾ ಮತ್ತು ಸಂಜೆ ಕಾವಲಿನವರ ಪಗಾರ ಒಂದನೇ ತಾರೀಕು ಬ್ಯಾಂಕಿಗೆ ಹೋಗಬೇಕು, ಆಮೇಲೆ ಬಾಕಿ ಖರ್ಚು. ಕಮಿಟಿಯಲ್ಲಿ ಯಾರೂ ಸತತ ಎರಡು ಅವಧಿಗಿಂತ ಹೆಚ್ಚು ಕೂರಬಾರದು. ಮೂರನೇದು ಪಾಸಾದರೆ ಮೊದಲು ಹೊರಗೆ ಹೋಗುವವನು ನಾನೇ. ನನ್ನದು ಇದು ನಾಲ್ಕನೇ ಅವಧಿ.

ಅಯ್ಯನವರಿಗೆ ಓದಿ ತೋರಿಸಿದೆ. ಒಳ್ಳೇ ಮನುಷ್ಯ. ಬಹಳ ಹೊತ್ತು ಸುಮ್ಮನಿದ್ದು, "ಮುಂದಿನ ವರ್ಷದ ಕೂಟದ ಪ್ರಸಂಗಿಗಳ ಡೇಟ್ ಮೊದಲು ಫಿಕ್ಸ್ ಮಾಡೋಣ, ಆಮೇಲೆ ಇದನ್ನ ತಗೊಳ್ಳೋಣ" ಅಂದರು. ಇದನ್ನ ಮೊದಲು ತಗೊಳ್ಳದಿದ್ದರೆ ಆ ಕೂಟದ ಒಂದು ಚೆಕ್ಕಿಗೂ ನಾನು ಸಹಿ ಹಾಕೋದಿಲ್ಲ ಅಂತ ಹೇಳಿ ಬಂದಿದೀನಿ.