ಎರಡು ಚುಕ್ಕಿ

ಕಂಪ್ಯೂಟರಿನ ಫೈಲಿಗೆ ತನ್ನ ಹೆಸರೇ ಗೊತ್ತಿಲ್ಲ. ಯುನಿಕ್ಸ್ ವಂಶದ ವ್ಯವಸ್ಥೆಗಳಲ್ಲಿ ಫೈಲಿನ ಒಡೆಯ ಯಾರು, ಗಾತ್ರವೆಷ್ಟು, ಡಿಸ್ಕಿನಲ್ಲಿ ಅದು ಎಲ್ಲೆಲ್ಲಿ ಹರಡಿದೆ ಎಂಬುದೆಲ್ಲ ‘ಐನೋಡ್’ ಎಂಬ ದಾಖಲೆಯಲ್ಲಿರುತ್ತದೆ, ಹೆಸರೊಂದನ್ನು ಬಿಟ್ಟು. ಹೆಸರಿರುವುದು ಡೈರೆಕ್ಟರಿಯಲ್ಲಿ. ಕಾಗದ ತುಂಬಿದ ಚೀಲದಂತೆ ನಾವು ಕಲ್ಪಿಸಿಕೊಳ್ಳುವ ಈ ಫೋಲ್ಡರು ಹೆಚ್ಚೂಕಡಿಮೆ ಎರಡು ಕಾಲಂನ ಪಟ್ಟಿ: ಇಂಥ ಹೆಸರು, ಇಂಥ ಐನೋಡ್ ನಂಬರು. ಕೆನ್ ಥಾಂಪ್ಸನ್, ಡೆನಿಸ್ ರಿಚಿ 1974ರಲ್ಲಿ ಪ್ರಕಟಿಸಿದ ಯುನಿಕ್ಸ್ ಪ್ರಬಂಧದಲ್ಲೇ ಈ ಏರ್ಪಾಡಿನ ವಿವರಣೆಯಿದೆ. ಆಗ ಹೆಸರಿಗೆ 14 ಅಕ್ಷರಗಳ ಮಿತಿಯಿತ್ತು.

ಹೊಲದ ಸರ್ವೆ ನಂಬರು ಒಂದೇ; ಊರವರು ಅದನ್ನು ಬಾವಿಹೊಲ ಎಂದಾರು, ಮನೆಯವರು ಅಜ್ಜನ ಹೊಲ ಎಂದಾರು. ಹಾಗೆಯೇ ಒಂದು ಐನೋಡಿಗೆ ಎರಡು ಡೈರೆಕ್ಟರಿಗಳಲ್ಲಿ ಎರಡು ಹೆಸರು ಬರೆಯಬಹುದು. ಇದು ಹಾರ್ಡ್ ಲಿಂಕ್. ಅಸಲು ಯಾವುದು, ನಕಲು ಯಾವುದು ಎಂದು ಕೇಳುವಂತಿಲ್ಲ. ತನಗೆಷ್ಟು ಹೆಸರಿದೆಯೆಂದು ಐನೋಡು ಎಣಿಸಿಟ್ಟುಕೊಳ್ಳುತ್ತದೆ. ಅಳಿಸಿದಾಗ ಹೋಗುವುದು ಒಂದು ಹೆಸರು ಮಾತ್ರ. ಎಣಿಕೆ ಸೊನ್ನೆಗಿಳಿದು, ಯಾವ ಪ್ರೋಗ್ರಾಮೂ ಫೈಲನ್ನು ತೆರೆದಿಟ್ಟುಕೊಂಡಿಲ್ಲ ಎಂದಾದ ಮೇಲೆ ಜಾಗ ತೆರವು. ಈ ಕೆಲಸಕ್ಕೆ ‘ಡಿಲೀಟ್’ ಎನ್ನದೆ ‘ಅನ್‌ಲಿಂಕ್’ ಎಂದು ಹೆಸರಿಟ್ಟವರ ಪ್ರಾಮಾಣಿಕತೆ ನನಗೆ ಇಷ್ಟ.

ಈ ಉದಾರತೆ ಫೈಲುಗಳಿಗಷ್ಟೇ. ಡೈರೆಕ್ಟರಿಗೇ ಎರಡನೆಯ ಹೆಸರು ಕೊಡಹೋದರೆ ಲಿನಕ್ಸ್ ಸುತರಾಂ ಒಪ್ಪದು. ಡೈರೆಕ್ಟರಿ ಹುಟ್ಟುವಾಗಲೇ ಅದರಲ್ಲಿ ಎರಡು ನಮೂದುಗಳಿರುತ್ತವೆ: ಒಂದು ಚುಕ್ಕಿ ಎಂದರೆ ತಾನು, ಎರಡು ಚುಕ್ಕಿ ಎಂದರೆ ತನ್ನ ಮೇಲಿನ ಡೈರೆಕ್ಟರಿ. ಎರಡು ಮನೆಗಳಲ್ಲಿ ಹೆಸರಿದ್ದರೆ ಆ ಎರಡು ಚುಕ್ಕಿ ಯಾವ ಮನೆಯನ್ನು ತೋರಿಸಬೇಕು? ಇನ್ನೂ ಗೋಜಲಿನದೆಂದರೆ, ಮೊಮ್ಮಗನ ಪಟ್ಟಿಯಲ್ಲಿ ಅಜ್ಜನನ್ನೇ ಮಗನೆಂದು ಬರೆದುಬಿಡುವುದು. ಹುಡುಕುತ್ತ ಇಳಿದ ಪ್ರೋಗ್ರಾಮು ಗಾಣದ ಎತ್ತಿನಂತೆ ಸುತ್ತುತ್ತದೆ. ಹೊರಗಿನ ಹೆಸರನ್ನು ಕಿತ್ತರೂ ಆ ಡೈರೆಕ್ಟರಿಗಳು ಒಂದನ್ನೊಂದು ಹಿಡಿದುಕೊಂಡಿರುವುದರಿಂದ ಎಣಿಕೆ ಸೊನ್ನೆಯಾಗದು. ಯಾರ ಕೈಗೂ ಸಿಗದೆ ಡಿಸ್ಕಿನಲ್ಲಿ ಉಳಿದುಬಿಡುತ್ತವೆ. ಆಪಲ್ 2007ರಲ್ಲಿ ಟೈಮ್ ಮಷೀನ್ ಬ್ಯಾಕಪ್ಪಿಗಾಗಿ ಡೈರೆಕ್ಟರಿಗಳ ಹಾರ್ಡ್ ಲಿಂಕಿಗೂ ಅನುಮತಿ ಕೊಟ್ಟಿತು. ಮುಂದೆ ಬಂದ ತನ್ನ ಫೈಲ್ ವ್ಯವಸ್ಥೆ ಎಪಿಎಫ್ಎಸ್‌ನಲ್ಲಿ ಕೈಬಿಟ್ಟಿತು.

ಡೈರೆಕ್ಟರಿಗೆ ಅಡ್ಡಹೆಸರು ಬೇಕಾದವರಿಗೆ ಸಿಂಬಾಲಿಕ್ ಲಿಂಕ್ ಇದೆ, 1983ರ ಯುನಿಕ್ಸ್ ಆವೃತ್ತಿ 4.2 ಬಿಎಸ್‌ಡಿಯಿಂದ ಬಳಕೆಗೆ ಬಂದದ್ದು. ಅದು ಬರೀ ವಿಳಾಸದ ಚೀಟಿ, ಮನೆ ಬಿದ್ದುಹೋದರೂ ಚೀಟಿ ಉಳಿಯುತ್ತದೆ. ಚೀಟಿ ಮತ್ತೊಂದು ಚೀಟಿಯತ್ತ ಕೈತೋರಿಸುತ್ತ ಹೋದರೆ ಲಿನಕ್ಸ್ 40ರವರೆಗೆ ಹಿಂಬಾಲಿಸಿ, ಆಮೇಲೆ ಸಾಕೆನ್ನುತ್ತದೆ.

ಎಲ್ಲಕ್ಕೂ ಮೇಲಿರುವ ರೂಟ್ ಡೈರೆಕ್ಟರಿಯಲ್ಲೂ ಎರಡು ಚುಕ್ಕಿ ಇದೆ. ಮೇಲೆ ಯಾರೂ ಇಲ್ಲದ್ದರಿಂದ ಅದು ತನ್ನನ್ನೇ ತೋರಿಸುತ್ತದೆ.