ದುಡಿಯುವವನಿಗೂ ಒಂದು ಮತ

ಸಹಕಾರವೆಂಬುದು ನಮ್ಮ ಹುಕ್ಕೇರಿ ತಾಲೂಕಿನವರಿಗೆ ಕೇವಲ ಪುಸ್ತಕದ ವಿಷಯವಲ್ಲ. ಹತ್ತರಗಿಯ ಮನೆಯಲ್ಲಿ ದೀಪ ಹೊತ್ತಿದರೆ ಅದು 1969ರಲ್ಲಿ ಸ್ಥಾಪಿತವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ದೀಪ. ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರಖಾನೆಯು ಕಬ್ಬು ಬೆಳೆಯುವವರ ಶೇರಿನಿಂದ ಎದ್ದುನಿಂತದ್ದು. ಬಳಸುವವರೂ ಬೆಳೆಯುವವರೂ ಒಡೆಯರಾಗಿ ಕಟ್ಟಿದ ಇಂಥ ಸಂಸ್ಥೆಗಳ ಬಗ್ಗೆ ನಮಗೆ ಅಭಿಮಾನವಿರುವುದು ಸಹಜವೇ ಸರಿ.

ಆದರೆ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದೇ ಇಲ್ಲ. ಕಂಬ ಹತ್ತಿ ತಂತಿ ಬಿಗಿಯುವವನ, ಹಂಗಾಮಿನಲ್ಲಿ ಪಾಳಿಯ ಮೇಲೆ ಕುದಿಯುವ ರಸದ ಮುಂದೆ ನಿಲ್ಲುವವನ ಸ್ಥಾನವಾವುದು? ಅವನು ನೌಕರ, ಅಷ್ಟೇ. ಒಂದೇ ಮನೆಯ ತಂದೆಯು ಶೇರುದಾರನಾಗಿ ವಾರ್ಷಿಕ ಸಭೆಯಲ್ಲಿ ಅಧ್ಯಕ್ಷರನ್ನೇ ಲೆಕ್ಕ ಕೇಳಬಲ್ಲನು. ಪಗಾರಕ್ಕಿರುವ ಮಗನು ಮೇಲ್ವಿಚಾರಕನೆದುರು ತುಟಿ ಬಿಚ್ಚಲಾರನು. ಇನ್ನು ಕಬ್ಬು ಕಡಿಯುವ ಗ್ಯಾಂಗಿನವರ ಮಾತಂತೂ ದೂರವೇ ಉಳಿಯಿತು.

ನಮ್ಮ ಸಂವಿಧಾನದಲ್ಲಿ 43-ಎ ಎಂಬ ಅನುಚ್ಛೇದವಿದೆ. 1976ರಲ್ಲಿ ಸೇರಿದ ಅದು, ಉದ್ಯಮಗಳ ಆಡಳಿತದಲ್ಲಿ ಕಾರ್ಮಿಕರು ಭಾಗವಹಿಸುವಂತಾಗಬೇಕೆನ್ನುತ್ತದೆ. ಅದರ ಪಕ್ಕದ 43-ಬಿ ಅನುಚ್ಛೇದವು 2011ರ ತಿದ್ದುಪಡಿಯಿಂದ ಬಂದದ್ದು. ಸಹಕಾರಿ ಸಂಘಗಳನ್ನು ಬೆಳೆಸಬೇಕೆನ್ನುತ್ತದೆ. ಇವೆರಡೂ ಒಂದೇ ಗೋಡೆಗೆ ಮನೆ ಕಟ್ಟಿಕೊಂಡು ಮಾತು ಬಿಟ್ಟ ನೆರೆಯವರಂತೆ ನನಗೆ ತೋರುತ್ತವೆ.

ದುಡಿಯುವವರೇ ಒಡೆಯರಾದ ಉದಾಹರಣೆಗಳಿಗಾಗಿ ಯುರೋಪಿಗೆ ಹೋಗಬೇಕಾಗಿಲ್ಲ. 1957ರಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಬೆಂಗಳೂರಿನ ನೌಕರರು ತಮ್ಮದೇ ಸಹಕಾರಿ ಸಂಘವನ್ನು ಕಟ್ಟಿದರು. ಕಪ್ಪು-ಬಸಿ ತಂದಿಡುವವನೂ ಅಲ್ಲಿ ಸಭಾಸದನು.

ಅದಕ್ಕಿಂತ ದೊಡ್ಡದು ಬೀಡಿಯ ಕಥೆ. 1966ರ ಬೀಡಿ ಕಾರ್ಮಿಕರ ಕಾಯದೆಯನ್ನು ಕೇರಳದಲ್ಲಿ ಜಾರಿಗೆ ತಂದಾಗ, ಮಂಗಳೂರಿನ ಬೀಡಿ ಕಂಪನಿಗಳು 1968ರಲ್ಲಿ ಕಣ್ಣೂರು ಸೀಮೆಯ ತಮ್ಮ ಕೆಲಸದ ಮನೆಗಳಿಗೆ ಬೀಗ ಹಾಕಿದವು. ಸಾವಿರಾರು ಜನ ಬೀದಿಗೆ ಬಿದ್ದರು. ಮರುವರ್ಷವೇ ಅವರು, ಸರಕಾರದ ಸಾಲದ ನೆರವಿನಿಂದ, ದಿನೇಶ್ ಬೀಡಿ ಸಹಕಾರಿ ಸಂಘವನ್ನು ಆರಂಭಿಸಿದರು. ಮೊದಲಿಗೆ ಸುಮಾರು 3,000 ಜನ. ಮುಂದೆ 40,000ಕ್ಕೂ ಮಿಕ್ಕಿ ಬೆಳೆಯಿತು. ಕೈಗಳು ಎಲೆ ಸುತ್ತುತ್ತಿರಲು ಒಬ್ಬನು ಗಟ್ಟಿಯಾಗಿ ಪತ್ರಿಕೆ ಓದುವ ಪದ್ಧತಿ ಆ ಸೀಮೆಯಲ್ಲಿ ಮೊದಲಿನಿಂದಲೂ ಇದ್ದಿತು. ಓದುವವನ ಪಾಲಿನ ಬೀಡಿಯನ್ನು ಉಳಿದವರು ಸುತ್ತಿ ಕೊಡುತ್ತಿದ್ದರು. ಮತ ಹಾಕುವ ಮೊದಲು ಅವರು ಜಗತ್ತನ್ನು ಕೇಳಿ ತಿಳಿದಿದ್ದರೆಂಬುದು ನನಗೆ ಅತ್ಯಂತ ಮುಖ್ಯವಾಗಿ ಕಾಣುತ್ತದೆ. (ಬೀಡಿಯು ಆರೋಗ್ಯಕ್ಕೆ ಹಿತವೆಂದು ಯಾರೂ ಹೇಳಲಾರರು; ಅದು ಬೇರೆ ಮಾತು.)

ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರಾರು ಎಂದು ಹಿರಿಯರು ನಗಬಹುದು. ಆಕ್ಷೇಪಣೆ ಹುರುಳಿಲ್ಲದ್ದಲ್ಲ. ತನ್ನನ್ನು ಆರಿಸಿದವನೇ ತಡವಾಗಿ ಕೆಲಸಕ್ಕೆ ಬಂದರೆ, ಆರಿಸಿ ಬಂದವನು ಅವನನ್ನು ತಡೆದು ಕೇಳುವುದು ಕಷ್ಟ. ಮುಂದಿನ ಚುನಾವಣೆಯ ನೆನಪು ನಾಲಿಗೆಯನ್ನು ಹಿಡಿಯುತ್ತದೆ. ಆದ್ದರಿಂದ ದಿನದ ಕೆಲಸವನ್ನು ಹಂಚುವವನು ಬೇರೆ, ಅವನ ಮೇಲೆ ದೂರು ಕೇಳುವ ಸಮಿತಿ ಬೇರೆ ಇರಬೇಕು. ಆದರೆ ಒಡೆಯನೊಬ್ಬನೇ ಆಳುವಲ್ಲಿ ಶಿಸ್ತು ತಾನಾಗಿ ಇರುತ್ತದೆಯೇ? ಅಲ್ಲಿರುವುದು ಬಹುಪಾಲು ಭಯ. ಬೀಡಿಗೆ ಬೇಡಿಕೆ ಇಳಿದಾಗ ದಿನೇಶ್ ಸಂಘದ ಕಾರ್ಮಿಕರ ಸಂಖ್ಯೆ ಬಹಳ ಕುಗ್ಗಿತು, ನಿಜ. ಆದರೂ ಅದು 1968ರ ಕಂಪನಿಗಳಂತೆ ಬೀಗ ಹಾಕಿ ಹೋಗಲಿಲ್ಲ. ಛತ್ರಿ, ಉಡುಪು, ತಿನಿಸುಗಳ ತಯಾರಿಕೆಗೆ ಇಳಿಯಿತು.

ನಮ್ಮ ಸಹಕಾರಿ ಕಾರಖಾನೆಗಳು ನಾಳೆಯೇ ನೌಕರರ ಸ್ವತ್ತಾಗಲೆಂದು ನಾನು ಹೇಳುತ್ತಿಲ್ಲ. ರೈತನ ಶೇರನ್ನು ಕಸಿಯುವುದು ನ್ಯಾಯವಲ್ಲ. ಆಡಳಿತ ಮಂಡಳಿಯಲ್ಲಿ ನೌಕರರೇ ಗುಪ್ತ ಮತದಿಂದ ಆರಿಸಿದ ಇಬ್ಬರಿಗೆ ಸ್ಥಾನವಿರಲಿ. ಪ್ರತಿ ಹಂಗಾಮಿನ ಕೊನೆಗೆ ಜಮಾ-ಖರ್ಚನ್ನು ಕೆಲಸದ ಮನೆಯಲ್ಲಿಯೇ, ತಿಳಿಯುವ ಕನ್ನಡದಲ್ಲಿ ಓದಿ ಹೇಳಲಿ. ನಮ್ಮಲ್ಲಿ ಹಲವರು ಪದವಿ ಪಡೆದು ಇಂಥದೇ ಸಂಸ್ಥೆಗಳಲ್ಲಿ ಕಾರಕೂನರಾಗಿ ಸೇರಬೇಕೆಂದಿರುವವರು. ಆ ಲೆಕ್ಕವನ್ನು ಗಟ್ಟಿಯಾಗಿ ಓದುವ ಕೆಲಸವನ್ನಾದರೂ ನಾವು ಕೇಳಿ ಪಡೆಯಬಹುದಲ್ಲವೇ?