‘ಶೀತರಕ್ತ’ವೆಂಬ ತಪ್ಪು ಮಾತು

ತಾಳವಾಡಿ ಬೆಟ್ಟಸೀಮೆಯ ಗೆಟ್ಟವಾಡಿಯಂತಹ ಊರಿನಲ್ಲಿ ಪುಷ್ಯಮಾಸದ ಬೆಳಗ್ಗೆ ಬೇಲಿಯ ಮೇಲಿನ ಓತಿಕ್ಯಾತವನ್ನು ನೋಡಿದವರು ನಮ್ಮ ಪಠ್ಯಗಳ ‘ಶೀತರಕ್ತ ಪ್ರಾಣಿ’ ಎಂಬ ಮಾತನ್ನು ಒಪ್ಪಲಾರರು. ಅದು ಎಳೆಬಿಸಿಲಿಗೆ ಮೈಯೊಡ್ಡಿ, ಚೆನ್ನಾಗಿ ಕಾದ ಬಳಿಕವೇ ಹುಳುಹುಪ್ಪಟೆಯ ಬೇಟೆಗೆ ತೊಡಗುತ್ತದೆ. ಆಗ ಅದರ ರಕ್ತ ತಣ್ಣಗಿರುವುದಿಲ್ಲ. ನಮ್ಮಂತೆ ಶಾಖವನ್ನು ಒಳಗೇ ಹುಟ್ಟಿಸಿಕೊಳ್ಳಲಾರದೆ ಹೊರಗಿನಿಂದ ಪಡೆಯುತ್ತದೆ, ಅಷ್ಟೆ. ‘ಬಾಹ್ಯತಾಪಿ’ ಎಂದರೆ ಅರ್ಥ ನೇರವಾಗುತ್ತಿತ್ತು.

ದೋಷ ನಿಘಂಟಿನಲ್ಲಿಯೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಈಗ ಇಗ್ವಾನಾ ಸಾಕುವ ಹವ್ಯಾಸ ನಮ್ಮ ನಡುವೆಯೂ ಕಾಲಿಟ್ಟಿದೆ. ರಕ್ತವೇ ತಣ್ಣಗಿರುವ ಪ್ರಾಣಿಗೆ ಚಳಿ ಏನು ಮಾಡೀತು ಎಂದು ಸಾಕುವವನು ಭಾವಿಸಿದರೆ ಆಶ್ಚರ್ಯವಿಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಬಿಸಿನಾಡಿನ ಈ ಜೀವಿಗೆ ಬಿಸಿಲು ಕಾಯಿಸುವ ಕೊಂಬೆಯ ಬಳಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ರಾತ್ರಿಯಲ್ಲಿಯೂ 23ಕ್ಕಿಂತ ಬಹಳ ಕೆಳಗಿಳಿಯಬಾರದು. ಇಲ್ಲವಾದರೆ ತಿಂದ ಸೊಪ್ಪು ಅರಗದು. ಎಲೆಯ ನಾರನ್ನು ಕರಗಿಸುವ ಕರುಳಿನ ಸೂಕ್ಷ್ಮಜೀವಿಗಳಿಗೂ ಶಾಖವೇ ಆಧಾರ. 2020ರ ಜನವರಿಯಲ್ಲಿ ಫ್ಲೋರಿಡಾದ ಹವಾಮಾನ ಕಚೇರಿ, ಚಳಿಗೆ ಮರಗಟ್ಟಿದ ಇಗ್ವಾನಾಗಳು ಮರದಿಂದ ಉದುರಬಹುದೆಂದು ಜನರನ್ನು ಎಚ್ಚರಿಸಿತ್ತು!

ಶಾಖವೊಂದೇ ಸಾಲದು. ಬಿಸಿಲಿನ ನೇರಳಾತೀತ ಕಿರಣ ಚರ್ಮಕ್ಕೆ ತಾಗಿದರೆ ಮಾತ್ರ ಡಿ3 ಜೀವಸತ್ವ ಉಂಟಾಗಿ ಕ್ಯಾಲ್ಸಿಯಂ ಮೈಗೆ ಹತ್ತುತ್ತದೆ. ಅದಿಲ್ಲದೆ ಮೂಳೆ ಮೆದುವಾಗಿ, ದವಡೆ ಊದಿ, ಕಾಲು ಸೊಟ್ಟಗಾಗುತ್ತದೆ. ಕಿಟಕಿಯ ಗಾಜಿನೊಳಗಿಂದ ಬೀಳುವ ಬಿಸಿಲು ಈ ಕೆಲಸಕ್ಕೆ ಬಾರದು. ಬೇಕಾದ ಕಿರಣಗಳನ್ನು ಗಾಜೇ ತಡೆಯುತ್ತದೆ. ಪಾಲಕ್ ಸೊಪ್ಪನ್ನೇ ದಿನವೂ ಹಾಕುವುದೂ ಸಲ್ಲದು. ಅದರ ಆಕ್ಸಲೇಟ್ ಇದ್ದಷ್ಟು ಕ್ಯಾಲ್ಸಿಯಮ್ಮನ್ನೂ ಕಟ್ಟಿಹಾಕುತ್ತದೆ.

ಆದುದರಿಂದ ಬೆಟ್ಟದ ಮೇಲಿನ ಮನೆಗಳಿಗೆ ಇಗ್ವಾನಾ ತರಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಮಳೆಗಾಳಿಗೆ ವಿದ್ಯುತ್ತು ಹೋದ ರಾತ್ರಿ ಅದರ ಗೂಡನ್ನು ಬೆಚ್ಚಗಿಡುವವರಾರು? ಹಾಗೆಂದು ಅದರ ಬದಲು ಉಡವನ್ನು ಹಿಡಿದು ತರುವಂತೆಯೂ ಇಲ್ಲ. ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಅದು. ಹಲ್ಲಿಯ ಕುಲದ ಮೇಲೆ ಕುತೂಹಲವಿರುವವರಿಗೆ ಬೇಲಿಯಿದೆ, ಓತಿಯಿದೆ. ತೇಜಸ್ವಿಯವರ ‘ಕರ್ವಾಲೊ’ ಇದೆ. ಅಲ್ಲಿನ ಹಾರುವ ಓತಿಯೂ ಕೊನೆಗೆ ಯಾರ ಕೈಗೂ ದಕ್ಕುವುದಿಲ್ಲ.

ಈಗಾಗಲೇ ಇಗ್ವಾನಾ ತಂದಿರುವವರ ಮಾತು ಬೇರೆ. ಕಾಯ್ದೆಯ 2022ರ ತಿದ್ದುಪಡಿ ಹಾಗೂ 2024ರ ನಿಯಮಗಳಂತೆ ಅವರು ಅದನ್ನು ನೋಂದಾಯಿಸಬೇಕು. ಸಾಕಲಾಗದಿದ್ದರೆ ತೋಟಕ್ಕೋ ಕಾಡಿಗೋ ಬಿಡದೆ, ಅರಣ್ಯ ಇಲಾಖೆಯವರನ್ನು ಕೇಳಬೇಕು.